ರೆಸ್ಯೂಮೆಯಲ್ಲಿ ಅಪ್ಪನ ಹೆಸರು ಯಾಕೆ?

ಹೋದ ತಿಂಗಳು ಚಿಕ್ಕಮ್ಮನ ಮಗ ವಾಟ್ಸಾಪಿನಲ್ಲಿ ತನ್ನ ರೆಸ್ಯೂಮೆ ಕಳಿಸಿದ್ದ. "ಅಕ್ಕಾ, 60 ಕಡೆ ಹಾಕಿದೀನಿ, ಒಂದು ಕಡೆಯಿಂದಾನೂ ಫೋನ್ ಇಲ್ಲ. ನಿಮ್ಮ ಆಫೀಸಲ್ಲಿ ಯಾರಿಗಾದ್ರೂ ಕೊಡ್ತೀಯಾ?" ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿದೆ. ಮನೆಯಲ್ಲಿ ದಿನಾ ಅದೇ ಮಾತು.

ತೆರೆದು ನೋಡಿದರೆ ಮೂರು ಪುಟ. ಶುರುವಿನಲ್ಲೇ ಸೀನಿಯರ್ ಒಬ್ಬನಿಂದ ಕಾಪಿ ಮಾಡಿದ ಕೆರಿಯರ್ ಆಬ್ಜೆಕ್ಟಿವ್. ಕೊನೆಗೆ ಅಪ್ಪನ ಹೆಸರು, ಹುಟ್ಟಿದ ದಿನ, ಮದುವೆಯಾಗಿಲ್ಲ ಅನ್ನೋ ವಿವರ, ಮೇಲೆ ಹೇಳಿದ್ದೆಲ್ಲ ಸತ್ಯ ಎಂಬ ಪ್ರಮಾಣ. ಹೆಣ್ಣಿನ ಮನೆಗೆ ಕಳಿಸೋ ಬಯೋಡೇಟಾನಾ ಇದು ಅಂತ ನಗು ಬಂತು.

ನಗೋ ಹಕ್ಕು ನನಗೂ ಇಲ್ಲ ಬಿಡಿ. ನನ್ನ ಮೊದಲ ರೆಸ್ಯೂಮೆಯಲ್ಲಿ, ಎರಡು ದಿನದ ವರ್ಕ್‌ಶಾಪ್ ನಂಬಿಕೊಂಡು, ಗೊತ್ತಿರೋ ಭಾಷೆಗಳ ಸಾಲಿಗೆ ಪೈಥಾನ್ ಸೇರಿಸಿದ್ದೆ. ಇಂಟರ್‌ವ್ಯೂ ಮಾಡಿದವರು ಅದನ್ನೇ ಹಿಡಿದರು: ಲಿಸ್ಟಿಗೂ ಟಪಲ್‌ಗೂ ಏನು ವ್ಯತ್ಯಾಸ? ತೊದಲಿದೆ. ಆಮೇಲೆ ಸಿ ಬಗ್ಗೆ ಸರಿಯಾಗೇ ಉತ್ತರ ಹೇಳಿದರೂ ಅವರಿಗೆ ನಂಬಿಕೆ ಹೋಗಿತ್ತು. ಕೆಲಸ ಸಿಗಲಿಲ್ಲ.

ಈಗ ನಾನೂ ಆಗಾಗ ಮೇಜಿನ ಆ ಕಡೆ ಕೂರ್ತೀನಿ. ಫ್ರೆಶರ್‌ಗಳ ರೆಸ್ಯೂಮೆಯಲ್ಲಿ ಮೊದಲು ನೋಡೋದು ಪ್ರಾಜೆಕ್ಟ್. ಇವನು ಬರೆದಿದ್ದು 'ಅಟೆಂಡೆನ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ನಾಲ್ಕು ಜನರ ತಂಡ', ಅಷ್ಟೇ. ಫೋನ್ ಮಾಡಿ, "ಇದರಲ್ಲಿ ನೀನೇನು ಮಾಡ್ದೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಂದೊಂದೇ ಹೊರಗೆ ಬಂತು. ಡೇಟಾಬೇಸ್ ಪೂರ್ತಿ ಅವನದೇ ಕೆಲಸ. ತಿಂಗಳ ರಿಪೋರ್ಟ್ ತೆಗೆಯೋಕೆ 40 ಸೆಕೆಂಡ್ ಹಿಡೀತಿತ್ತಂತೆ, ಇಂಡೆಕ್ಸ್ ಹಾಕಿ 3 ಸೆಕೆಂಡಿಗೆ ಇಳಿಸಿದ್ದಾನೆ.

"ಇದನ್ನ ಯಾಕೋ ಬರ್ದಿಲ್ಲ?"

"ಅದೇನ್ ದೊಡ್ಡದು ಅಕ್ಕಾ?"

ಅದನ್ನೇ ಎರಡು ಸಾಲಲ್ಲಿ ಮೇಲೆ ಹಾಕಿಸಿದೆ. ಮೂರು ಪುಟ ಒಂದಾಯ್ತು. ಫೋಟೊ, ಎರಡು ಕಾಲಮ್ಮಿನ ಬಣ್ಣದ ಟೆಂಪ್ಲೇಟ್ ಎಲ್ಲ ಹೋಯ್ತು. ಬಹಳ ಕಂಪನಿಗಳಲ್ಲಿ ರೆಸ್ಯೂಮೆ ಮೊದಲು ಸೇರೋದು ಒಂದು ಸಾಫ್ಟ್‌ವೇರಿಗೆ. ಎಚ್‌ಆರ್‌ನವರು ತಮಗೆ ಬೇಕಾದ ಪದ ಕೊಟ್ಟು ಅದರಲ್ಲಿ ಹುಡುಕ್ತಾರೆ. ಅಕ್ಷರ ಚಿತ್ರದೊಳಗಿದ್ದರೆ, ಕಾಲಮ್ಮುಗಳಿದ್ದರೆ ಅದು ಕೆಲವು ಸಲ ತಪ್ಪಾಗಿ ಓದುತ್ತೆ. ಹಾಗಂತ ಜಾಹೀರಾತಿನಲ್ಲಿರೋ ಪದಗಳನ್ನೆಲ್ಲ ತುರುಕಬೇಡಿ, ನನ್ನ ಪೈಥಾನ್ ಕಥೆ ಆಗುತ್ತೆ. ನಿಮಗೆ ನಿಜವಾಗಿ ಬರೋ ಕೆಲಸಕ್ಕೆ ಅವರು ಯಾವ ಹೆಸರು ಬಳಸಿದ್ದಾರೋ ಅದನ್ನೇ ಬರೆದರೆ ಸಾಕು. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರಿಡಿ. ಇವನದು 'ಫೈನಲ್ ನ್ಯೂ 2' ಅಂತ ಇತ್ತು!

ಅಪ್ಪನ ಹೆಸರು ತೆಗೆಯೋಕೆ ಮಾತ್ರ ಒಪ್ಪಲಿಲ್ಲ. "ಅಪ್ಪ ನೋಡಿದ್ರೆ ಬೇಜಾರು ಮಾಡ್ಕೋತಾರೆ" ಅಂದ. ಚಿಕ್ಕಪ್ಪನಿಗೆ ನಾನೇ ಫೋನ್ ಮಾಡಿದೆ. "ನನ್ನ ಹೆಸರು ಕಟ್ಕೊಂಡು ಏನಾಗ್ಬೇಕಮ್ಮಾ, ತೆಗೆದುಹಾಕು" ಅಂದ್ರು.

ಹೋದ ವಾರ ಎರಡು ಕಡೆಯಿಂದ ಕರೆದಿದ್ದಾರೆ. ಒಂದರಲ್ಲಿ ಆ 40 ಸೆಕೆಂಡಿನ ಬಗ್ಗೆಯೇ ಕಾಲು ಗಂಟೆ ಕೇಳಿದ್ರಂತೆ. ರಿಸಲ್ಟ್ ಇನ್ನೂ ಬಂದಿಲ್ಲ.