ಮಾರಾಟಕ್ಕಿಟ್ಟ ಮನೆಯೂ ತೆರೆದ ಅಂಗಡಿಯೇ

ವ್ಯಾಪಾರಸ್ಥನು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದೊಡನೆ ಮುಂಭಾಗ ಗುಡಿಸಿ ನೀರು ಚಿಮುಕಿಸುತ್ತಾನೆ, ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಾನೆ, ತಕ್ಕಡಿ ಒರೆಸುತ್ತಾನೆ, ಬಿಲ್ ಪುಸ್ತಕವನ್ನು ಕೈಗೆ ಸಿಗುವಂತೆ ಇಡುತ್ತಾನೆ. ಗಿರಾಕಿ ಎಷ್ಟು ಹೊತ್ತಿಗೆ ಬರುತ್ತಾನೆಂಬುದು ಅವನಿಗೆ ತಿಳಿಯದು. ಬಂದಾಗ ಅಂಗಡಿ ಸಿದ್ಧವಾಗಿರಬೇಕೆಂಬುದು ಮಾತ್ರ ತಿಳಿದಿದೆ. ಇಷ್ಟು ಶಿಸ್ತಿನ ವ್ಯಾಪಾರಿಯೇ ಜೀವಮಾನದಲ್ಲಿ ಒಮ್ಮೆ ತನ್ನ ಸ್ವಂತ ಮನೆಯನ್ನು ಮಾರಲು ಹೊರಟಾಗ, 'ಬರುವವರು ಬರಲಿ, ಆಮೇಲೆ ನೋಡಿದರಾಯಿತು' ಎಂದು ಕುಳಿತುಬಿಡುತ್ತಾನೆ. ಹತ್ತಿಪ್ಪತ್ತು ರೂಪಾಯಿಯ ಸರಕಿಗೆ ತೋರಿಸುವ ಕಾಳಜಿಯನ್ನು ಲಕ್ಷಾಂತರ ರೂಪಾಯಿಯ ಮನೆಗೆ ತೋರಿಸುವುದಿಲ್ಲ. ಲೆಕ್ಕಪರಿಶೋಧಕ ವೃತ್ತಿಯಲ್ಲಿ ಇದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅವುಗಳಲ್ಲಿ ಒಂದು ಪ್ರಸಂಗವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದು ಭಾನುವಾರದ ನಷ್ಟ

ನನ್ನ ಕಕ್ಷಿದಾರರೊಬ್ಬರು ಹುಬ್ಬಳ್ಳಿಯಲ್ಲಿ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕ ನಡೆಸುತ್ತಾರೆ. ಕೋವಿಡ್ ನಂತರ ದೊಡ್ಡ ಖರೀದಿದಾರರಿಂದ ಬರಬೇಕಾದ ಹಣ ನಿಂತುಹೋಗಿ, ಕ್ಯಾಶ್ ಕ್ರೆಡಿಟ್ ಸಾಲದ ಭಾರ ಹೆಚ್ಚಿತು. ಸಾಲಕ್ಕೆ ವಾಸದ ಮನೆಯೇ ಅಡಮಾನ. 2022ರ ಜನವರಿಯಲ್ಲಿ ಮನೆ ಮಾರಿ ಸಾಲ ತೀರಿಸಿ, ಘಟಕವನ್ನು ಉಳಿಸಿಕೊಳ್ಳಲು ಅವರು ನಿರ್ಧರಿಸಿದರು. ಫೆಬ್ರವರಿಯಿಂದ ಬಡ್ಡಿ ಬಾಕಿ ಬೀಳತೊಡಗಿತು.

ಇಲ್ಲಿ ಕಾಲದ ಲೆಕ್ಕವನ್ನು ಗಮನಿಸಬೇಕು. ಬಾಕಿ 90 ದಿನ ಮೀರಿದರೆ ಬ್ಯಾಂಕು ಸಾಲವನ್ನು ಅನುತ್ಪಾದಕ ಆಸ್ತಿ ಎಂದು ವರ್ಗೀಕರಿಸುತ್ತದೆ. ಬಳಿಕ 2002ರ ಸರ್ಫೇಸಿ ಕಾಯ್ದೆಯನ್ವಯ 60 ದಿನಗಳ ತಗಾದೆ ನೋಟಿಸು ನೀಡಿ, ಹಣ ಬಾರದಿದ್ದಲ್ಲಿ ಆಸ್ತಿಯನ್ನು ಸ್ವಾಧೀನಕ್ಕೆ ಪಡೆದು ಹರಾಜು ಹಾಕಬಹುದು. ಮಾಲೀಕನೇ ನಿಂತು ಮಾರಿದಾಗ ಬರುವ ಬೆಲೆ ಹರಾಜಿನಲ್ಲಿ ಬರುವುದು ವಿರಳ. ಆದುದರಿಂದ ಆ ಮನೆಯ ಮಟ್ಟಿಗೆ ಪ್ರತಿಯೊಂದು ವಾರಕ್ಕೂ ಬೆಲೆಯಿತ್ತು.

ಫೆಬ್ರವರಿಯ ಮೊದಲ ಭಾನುವಾರ ದಲ್ಲಾಳಿಯೊಬ್ಬರು ಒಂದು ಕುಟುಂಬವನ್ನು ಕರೆತಂದರು. ಆಗ ಮನೆಯ ಸ್ಥಿತಿ ಹೀಗಿತ್ತು: ಪೋರ್ಚಿನಲ್ಲಿ ಘಟಕದಿಂದ ತಂದಿಟ್ಟ ಪ್ಯಾಕಿಂಗ್ ಪೆಟ್ಟಿಗೆಗಳು, ಅಡುಗೆಮನೆಯ ಗೋಡೆಯಲ್ಲಿ ತೇವದ ಕಲೆ, ತೊಟ್ಟಿಕ್ಕುವ ನಲ್ಲಿ. ಮಹಡಿಯ ಕೋಣೆಯ ಕೀಲಿ ಹುಡುಕಲು ಕಾಲು ಗಂಟೆ ಹಿಡಿಯಿತು. ಬಂದವರು ಖರೀದಿ ಪತ್ರ ಕೇಳಿದರು. 'ಬ್ಯಾಂಕಿನಾಗ ಐತಿ' ಎಂಬ ಉತ್ತರ ಬಂದಿತು. ನಕಲು ಕೇಳಿದರು. ಅದೂ ಇರಲಿಲ್ಲ. ಮರುದಿನ ಕಕ್ಷಿದಾರರು ನನ್ನ ಕಚೇರಿಗೆ ಬಂದು, 'ಸಾಹೇಬ್ರ, ಮನಿ ಅವರಿಗೆ ಮನಸ್ಸಿಗೆ ಬಂದಿತ್ರಿ. ಆದ್ರ ಹೋದವರು ಮತ್ತ ಫೋನ್ ಮಾಡಲಿಲ್ಲ' ಎಂದರು. ಆ ಕುಟುಂಬ ಅದೇ ತಿಂಗಳು ಬೇರೊಂದು ಮನೆ ಖರೀದಿಸಿತೆಂದು ಆನಂತರ ದಲ್ಲಾಳಿಯಿಂದ ತಿಳಿಯಿತು.

ಅಂದು ನಾವಿಬ್ಬರೂ ಕುಳಿತು ಒಂದು ಪಟ್ಟಿ ತಯಾರಿಸಿದೆವು. ಅದರಲ್ಲಿ ಎರಡು ಭಾಗಗಳಿದ್ದವು. ಒಂದು ಮನೆಯ ಸಿದ್ಧತೆ, ಇನ್ನೊಂದು ಕಡತದ ಸಿದ್ಧತೆ.

ಮನೆಯ ಸಿದ್ಧತೆ

ಕೊಳ್ಳುವವರು ಮನೆಯ ಕುರಿತು ಅಭಿಪ್ರಾಯ ತಾಳುವುದು ಬಹುಮಟ್ಟಿಗೆ ಮೊದಲ ಹತ್ತು ನಿಮಿಷಗಳಲ್ಲಿ. ಗೇಟು ಸರಾಗವಾಗಿ ತೆರೆಯಬೇಕು. ಪೋರ್ಚು ಖಾಲಿ ಇದ್ದರೆ ವಾಹನ ನಿಲ್ಲಿಸಲು ಎಷ್ಟು ಸ್ಥಳವಿದೆಯೆಂದು ಅವರಿಗೇ ಕಾಣುತ್ತದೆ. ಕಿಟಕಿಗಳು ತೆರೆದಿದ್ದು ಗಾಳಿ ಬೆಳಕು ಬರುತ್ತಿರಬೇಕು. ಸುಟ್ಟುಹೋದ ಬಲ್ಬುಗಳನ್ನು ಬದಲಿಸಿರಬೇಕು. ಮನೆ ನೋಡಲು ಬಂದವರು ತಪ್ಪದೇ ಮಾಡುವ ಕೆಲಸವೆಂದರೆ ನಲ್ಲಿ ತಿರುಗಿಸಿ ನೋಡುವುದು. ನಮ್ಮ ಊರುಗಳಲ್ಲಿ ನೀರಿನ ಪ್ರಶ್ನೆಯೇ ಮೊದಲ ಪ್ರಶ್ನೆ. ಕಾರ್ಪೊರೇಶನ್ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ನೆಲದೊಳಗಿನ ಟಾಕಿಯಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ, ಬೋರ್‌ವೆಲ್ ಇದೆಯೇ ಎಂಬುದಕ್ಕೆ ಮನೆಯ ಪ್ರತಿಯೊಬ್ಬರ ಉತ್ತರವೂ ಒಂದೇ ಆಗಿರಬೇಕು. ಗಂಡ ಒಂದು, ಹೆಂಡತಿ ಇನ್ನೊಂದು ಹೇಳಿದರೆ ಬಂದವರಿಗೆ ಉಳಿದ ಮಾತುಗಳ ಮೇಲೂ ಸಂಶಯ ಮೂಡುತ್ತದೆ.

ಸಿದ್ಧತೆಗೆ ದೊಡ್ಡ ಖರ್ಚು ಬೇಕಿಲ್ಲ. ಆ ಮನೆಯಲ್ಲಿ ಪೆಟ್ಟಿಗೆಗಳನ್ನು ಘಟಕಕ್ಕೆ ಸಾಗಿಸಲಾಯಿತು. ವರ್ಷಗಳಿಂದ ಬಳಸದ ಪೀಠೋಪಕರಣಗಳನ್ನು ವಿಲೇವಾರಿ ಮಾಡಿದ್ದರಿಂದ ನಡುಮನೆ ವಿಶಾಲವಾಗಿ ಕಾಣತೊಡಗಿತು. ಎಲ್ಲ ಕೀಲಿಗಳಿಗೂ ಚೀಟಿ ಕಟ್ಟಿ ಒಂದೇ ಹಲಗೆಗೆ ತೂಗುಹಾಕಲಾಯಿತು.

ತೇವದ ಗೋಡೆಯ ವಿಷಯದಲ್ಲಿ ಕಕ್ಷಿದಾರರಿಗೆ ಒಬ್ಬರು, 'ಮೇಲೊಂದು ಕೈ ಬಣ್ಣ ಹೊಡೆಸಿಬಿಡ್ರಿ' ಎಂದು ಸಲಹೆ ಕೊಟ್ಟಿದ್ದರು. ನಾನು ಬೇಡವೆಂದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ತಿಳಿದಿರುವ, ಆದರೆ ಖರೀದಿದಾರನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಕಾನೂನಿನ ಮಾತು ಹಾಗಿರಲಿ, ಮೊದಲ ಮಳೆಗೆ ಕಲೆ ಮತ್ತೆ ಮೇಲೇಳುತ್ತದೆ. ಕೊನೆಗೆ ಪ್ಲಂಬರನನ್ನು ಕರೆಸಿ ಒಡೆದ ಪೈಪು ಬದಲಿಸಿ, ಗೋಡೆ ಒಣಗಿದ ಬಳಿಕ ಬಣ್ಣ ಹಚ್ಚಲಾಯಿತು. ಬಿಲ್ಲನ್ನು ಕಡತದಲ್ಲಿಟ್ಟು, ಬಂದವರಿಗೆ ತೋರಿಸಲಾಯಿತು. ದೋಷವನ್ನು ಮುಚ್ಚಿಡದೆ ಸರಿಪಡಿಸಿದ್ದೇ ಆ ಮನೆಯ ಬಗ್ಗೆ ವಿಶ್ವಾಸ ಹುಟ್ಟಿಸಿತು.

ವಾಸ್ತುವಿನ ಪ್ರಶ್ನೆಯೂ ಬಂದೇ ಬರುತ್ತದೆ. ಒಬ್ಬರ ಮಾತಿಗೆ ಬಾಗಿಲು ಮುಚ್ಚಿ, ಇನ್ನೊಬ್ಬರ ಮಾತಿಗೆ ಗೋಡೆ ಒಡೆಯುವ ಗೋಜಿಗೆ ಹೋಗಬಾರದು. ದಿಕ್ಕುಗಳನ್ನು ಇದ್ದುದಿದ್ದಂತೆ ತಿಳಿಸಿದರೆ ಸಾಕು.

ವಾಸವಿರುವವರ ನೆಮ್ಮದಿ

ಮಾರಾಟಕ್ಕಿಟ್ಟ ಮನೆಯಲ್ಲಿ ವಾಸಿಸುವುದು ಕಷ್ಟದ ಕೆಲಸ. ಅಪರಿಚಿತರು ಬಂದು ಮಲಗುವ ಕೋಣೆ, ಸ್ನಾನದ ಮನೆಗಳನ್ನು ಇಣುಕಿ ನೋಡುತ್ತಾರೆ. ನನ್ನ ಕಕ್ಷಿದಾರರ ತಾಯಿಗೆ ಆಗ ಎಂಬತ್ತರ ಆಸುಪಾಸು. ದಲ್ಲಾಳಿಗಳು ಹೊತ್ತುಗೊತ್ತಿಲ್ಲದೆ ಜನರನ್ನು ಕರೆತರುತ್ತಿದ್ದುದರಿಂದ ಆ ತಾಯಿ ಮಧ್ಯಾಹ್ನ ಅಡ್ಡಾಗುವುದನ್ನೇ ಬಿಟ್ಟಿದ್ದರು. ಮಗನಿಗೆ ಇದು ಸಾಲಕ್ಕಿಂತ ಹೆಚ್ಚಿನ ನೋವು ಕೊಟ್ಟಿತ್ತು.

ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾಗಿತ್ತು. ಮನೆ ತೋರಿಸುವ ಸಮಯ ಬೆಳಿಗ್ಗೆ 10ರಿಂದ 12, ಸಂಜೆ 4ರಿಂದ 6 ಎಂದು ಗೊತ್ತುಪಡಿಸಿ ಎಲ್ಲ ದಲ್ಲಾಳಿಗಳಿಗೂ ತಿಳಿಸಲಾಯಿತು. ಬರುವ ಮುನ್ನ ಕನಿಷ್ಠ ಒಂದು ಗಂಟೆ ಮೊದಲು ದೂರವಾಣಿ ಕರೆ ಕಡ್ಡಾಯ. ವಾರದಲ್ಲಿ ಒಂದು ದಿನ ಪೂರ್ಣ ಬಿಡುವು. ಬೆಳಿಗ್ಗೆ ಇಪ್ಪತ್ತು ನಿಮಿಷ ಮನೆಯವರೆಲ್ಲ ಸೇರಿ ಹಾಸಿಗೆ ಮಡಚಿ, ಪಾತ್ರೆ ತೊಳೆದು, ಹರಡಿದ ಸಾಮಾನುಗಳನ್ನು ಒಂದು ದೊಡ್ಡ ಬುಟ್ಟಿಗೆ ಹಾಕಿ ಕಪಾಟಿನೊಳಗಿಡುವುದು. ಒಡವೆ, ನಗದು, ಚೆಕ್ ಪುಸ್ತಕಗಳನ್ನು ಮನೆಯಲ್ಲಿ ಇಡದೆ ಲಾಕರಿಗೆ ಸೇರಿಸುವುದು. ಬೆಲೆಯ ಮಾತನ್ನು ಒಬ್ಬರೇ ಆಡುವುದು, ಉಳಿದವರು ಆಡದಿರುವುದು. ಹಣದ ಅವಸರವಿದೆಯೆಂಬ ಮಾತು ಯಾರ ಬಾಯಿಂದಲೂ ಹೊರಬೀಳಬಾರದೆಂಬುದು ಇದರ ಒಳಮರ್ಮ.

ಆಷಾಢದಲ್ಲಿ, ಪಿತೃಪಕ್ಷದಲ್ಲಿ ಮನೆ ನೋಡಲು ಬರುವವರು ನಮ್ಮಲ್ಲಿ ಕಡಿಮೆ. ಆ ದಿನಗಳನ್ನು ದುರಸ್ತಿಗೆ, ಕಾಗದಪತ್ರ ಹೊಂದಿಸಲು ಬಳಸಿಕೊಳ್ಳುವುದು ಜಾಣತನ.

ಕಡತದ ಸಿದ್ಧತೆ

ಮನೆಯನ್ನು ಮೆಚ್ಚಿದವರು ಎರಡನೆಯ ಬಾರಿ ಬರುವುದು ಕಾಗದಪತ್ರ ನೋಡಲು. ಆಗ 'ನಾಳೆ ಕೊಡ್ತೀನಿ' ಎನ್ನುವ ಪ್ರತಿಯೊಂದು ದಿನವೂ ಅವರಿಗೆ ಇನ್ನೊಂದು ಮನೆ ನೋಡಲು ಅವಕಾಶ ಕೊಟ್ಟಂತೆ. ಕಡತದಲ್ಲಿ ಈ ಕೆಳಗಿನವು ಇರತಕ್ಕದ್ದು:

1. ಖರೀದಿ ಪತ್ರ ಮತ್ತು ಅದರ ಹಿಂದಿನ ಮೂಲ ಪತ್ರಗಳ ನಕಲು. ನಮ್ಮ ಭಾಗದಲ್ಲಿ ನಗರ ಮಾಪನದ ಸಿಟಿಎಸ್ ಉತಾರ.
2. ಋಣಭಾರ ಪ್ರಮಾಣ ಪತ್ರ. ಖರೀದಿದಾರನ ಬ್ಯಾಂಕು ಸಾಮಾನ್ಯವಾಗಿ ದೀರ್ಘ ಅವಧಿಯದನ್ನು ಕೇಳುತ್ತದೆ.
3. ಇ-ಖಾತಾ. ಈಗ ನಗರ ಪ್ರದೇಶದ ಸ್ವತ್ತಿನ ನೋಂದಣಿಗೆ ಇದು ಅಗತ್ಯ. ಹೆಸರು, ಅಳತೆಗಳಲ್ಲಿ ವ್ಯತ್ಯಾಸವಿದ್ದರೆ ತಿದ್ದುಪಡಿಗೆ ಸಮಯ ಹಿಡಿಯುವುದರಿಂದ ಮೊದಲೇ ಪರಿಶೀಲಿಸಬೇಕು.
4. ಆಸ್ತಿ ತೆರಿಗೆ, ನೀರು, ವಿದ್ಯುತ್ ಬಿಲ್ಲುಗಳ ಇತ್ತೀಚಿನ ರಸೀದಿಗಳು.
5. ಮಂಜೂರಾದ ಕಟ್ಟಡ ನಕಾಶೆ ಮತ್ತು ಪರವಾನಗಿ.
6. ಪಿತ್ರಾರ್ಜಿತವಾಗಿದ್ದಲ್ಲಿ ವಂಶವೃಕ್ಷ ಹಾಗೂ ಎಲ್ಲ ಹಕ್ಕುದಾರರ ಒಪ್ಪಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಸ್ವತ್ತಿನಲ್ಲಿ ಸಮಾನ ಹಕ್ಕಿದೆ. ಅಕ್ಕತಂಗಿಯರನ್ನು ಸಹಿಗಾಗಿ ಕಡೆಯ ದಿನ ಕರೆಯುವುದು ಸರಿಯಲ್ಲ, ಮಾರುವ ನಿರ್ಧಾರದಲ್ಲಿಯೇ ಅವರನ್ನು ಸೇರಿಸಿಕೊಳ್ಳಬೇಕು.
7. ಅಡಮಾನವಿದ್ದಲ್ಲಿ, ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ ಹಾಗೂ ಅದು ತೀರಿದೊಡನೆ ಮೂಲ ಪತ್ರಗಳನ್ನು ಬಿಡುಗಡೆ ಮಾಡುವುದಾಗಿ ತಿಳಿಸುವ ಪತ್ರ.

ನನ್ನ ಕಕ್ಷಿದಾರರ ಕಡತವನ್ನು ಜೋಡಿಸುವಾಗ ಒಂದು ತೊಡಕು ಹೊರಬಿದ್ದಿತು. 2009ರಲ್ಲಿ ಕಟ್ಟಿಸಿದ ಮಹಡಿಯ ಕೋಣೆ ಮಂಜೂರಾದ ನಕಾಶೆಯಲ್ಲಿರಲಿಲ್ಲ, ಅದಕ್ಕೆ ಆಸ್ತಿ ತೆರಿಗೆಯನ್ನೂ ಕಟ್ಟಿರಲಿಲ್ಲ. ಸಂಚಕಾರ ಪಡೆದ ಮೇಲೆ ಖರೀದಿದಾರನ ಬ್ಯಾಂಕು ಇದನ್ನು ಕಂಡುಹಿಡಿದಿದ್ದರೆ ವ್ಯವಹಾರವೇ ಮುರಿಯುವ ಸಂಭವವಿತ್ತು. ನಾವಾಗಿಯೇ ತಿಳಿಸಿ, ಬಾಕಿ ತೆರಿಗೆ ಕಟ್ಟಿ, ಆ ಕೋಣೆಗೆ ಬೆಲೆ ಹಿಡಿಯದೆ ಮಾತುಕತೆ ಆರಂಭಿಸಿದೆವು.

ತೆರಿಗೆಯ ಲೆಕ್ಕ

ಸಾಲ ತೀರಿಸಲು ಮನೆ ಮಾರುವ ವ್ಯಾಪಾರಿಗಳು ಮಾಡುವ ಅತ್ಯಂತ ದೊಡ್ಡ ತಪ್ಪು ಈ ಘಟ್ಟದಲ್ಲಿ ಆಗುತ್ತದೆ. ಬಂದ ಹಣವೆಲ್ಲ ಬ್ಯಾಂಕಿಗೆ ಹೋದುದರಿಂದ ತನಗೆ ಲಾಭವೇ ಆಗಿಲ್ಲ, ಆದ್ದರಿಂದ ತೆರಿಗೆಯಿಲ್ಲ ಎಂದು ಅವರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ತಾನೇ ಅಡಮಾನವಿಟ್ಟು ಪಡೆದ ವ್ಯಾಪಾರದ ಸಾಲದ ಮರುಪಾವತಿಯನ್ನು ಬಂಡವಾಳ ಲಾಭದಿಂದ ಕಳೆಯಲು ಬರುವುದಿಲ್ಲ. ಹಣ ಕೈಯಲ್ಲಿ ಉಳಿಯದಿದ್ದರೂ ತೆರಿಗೆ ಉಳಿದಿರುತ್ತದೆ. ಬೆಲೆ ನಿಗದಿ ಮಾಡುವ ಮೊದಲೇ ಈ ಮೊತ್ತವನ್ನು ಲೆಕ್ಕ ಹಾಕಿ ಬದಿಗಿಡಬೇಕು.

2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿರುವುದರಿಂದ ನಿಯಮಗಳ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಸ್ವಾಧೀನದಲ್ಲಿದ್ದ ಮನೆಯ ಲಾಭ ದೀರ್ಘಾವಧಿಯದು. ಅದರ ಮೇಲಿನ ತೆರಿಗೆ ಶೇ. 12.5. ಆದರೆ 2024ರ ಜುಲೈ 23ಕ್ಕಿಂತ ಮೊದಲು ಪಡೆದ ಮನೆಯನ್ನು ಭಾರತದಲ್ಲಿ ನೆಲೆಸಿರುವ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾರಿದಲ್ಲಿ, ಹಣದುಬ್ಬರದ ಸೂಚ್ಯಂಕದಂತೆ ವೆಚ್ಚವನ್ನು ಏರಿಸಿ ಶೇ. 20ರಂತೆ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದುದನ್ನು ಕಟ್ಟಬಹುದು. ಮನೆ ತೋರಿಸುವ ಸಲುವಾಗಿ ಮಾಡಿಸಿದ ಬಣ್ಣ, ಸಣ್ಣ ದುರಸ್ತಿಗಳನ್ನು ವೆಚ್ಚಕ್ಕೆ ಸೇರಿಸಲು ಸಾಮಾನ್ಯವಾಗಿ ಆಗದು. ಹೊಸ ಕೋಣೆ ಕಟ್ಟಿಸಿದಂತಹ ಸುಧಾರಣೆಯ ವೆಚ್ಚ ಮತ್ತು ದಲ್ಲಾಳಿ ಶುಲ್ಕಗಳಿಗೆ ಅವಕಾಶವಿದೆ, ಬಿಲ್ಲುಗಳಿದ್ದರೆ ಮಾತ್ರ.

ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಾಗಿದ್ದರೆ ಖರೀದಿದಾರನು ಶೇ. 1ರಷ್ಟು ಟಿಡಿಎಸ್ ಕಡಿತ ಮಾಡಬೇಕು. ಆ ಮೊತ್ತ ನಮ್ಮ ಖಾತೆಗೆ ಜಮೆಯಾದುದನ್ನು ಪರಿಶೀಲಿಸಬೇಕು. ಸಂಚಕಾರವೇ ಆಗಲಿ, ಮಾರಾಟದ ಹಣವೇ ಆಗಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಕೂಡದು. ಪಡೆದಷ್ಟೇ ಮೊತ್ತದ ದಂಡಕ್ಕೆ ಗುರಿಯಾಗಬೇಕಾದೀತು.

ಕೊನೆಗೆ ಆದದ್ದು

ಮಾರ್ಚ್ ತಿಂಗಳಲ್ಲಿ ಆರು ಕುಟುಂಬಗಳು ಬಂದು ನೋಡಿದವು. ಏಪ್ರಿಲ್ ಮೊದಲ ವಾರ ಶಿಕ್ಷಕ ದಂಪತಿಗಳು ಬಂದರು. ಅಜ್ಜಿ ತಾವೇ ಅವರನ್ನು ಹಿತ್ತಲಿಗೆ ಕರೆದೊಯ್ದು ತೆಂಗಿನ ಮರ ತೋರಿಸಿ, 'ವರ್ಷಕ್ಕ ನೂರು ಕಾಯಿ ಕೊಡ್ತದವಾ, ಬುಡಕ್ಕ ನೀರು ತಪ್ಪಸಬ್ಯಾಡ್ರಿ' ಎಂದರಂತೆ. ಎರಡನೆಯ ಭೇಟಿಯಲ್ಲಿ ಕಡತದ ಪೂರ್ಣ ನಕಲು ಅವರ ಕೈಸೇರಿತು. ಅವರ ಬ್ಯಾಂಕಿನ ವಕೀಲರು ಕೇಳಿದ ಯಾವ ಕಾಗದಕ್ಕೂ ನಾವು ಸಮಯ ಕೇಳಬೇಕಾಗಲಿಲ್ಲ. 95 ಲಕ್ಷ ಹೇಳಿದ್ದ ಮನೆ 88 ಲಕ್ಷಕ್ಕೆ ನಿಂತಿತು. ಏಪ್ರಿಲ್ ಕೊನೆಯ ವಾರ ಮಾರಾಟ ಕರಾರಾಗಿ, ಸಂಚಕಾರದ ಹಣ ನೇರವಾಗಿ ಸಾಲದ ಖಾತೆಗೆ ಜಮೆಯಾಯಿತು. 90 ದಿನ ತುಂಬಲು ಆಗ ಕೆಲವೇ ದಿನ ಉಳಿದಿದ್ದವು. ಜೂನ್‌ನಲ್ಲಿ ನೋಂದಣಿ ಮುಗಿಯಿತು. ಕಕ್ಷಿದಾರರು ಈಗ ಬಾಡಿಗೆ ಮನೆಯಲ್ಲಿದ್ದಾರೆ. ಘಟಕ ನಡೆಯುತ್ತಿದೆ, ಅಲ್ಲಿಯ ಕೆಲಸಗಾರರಿಗೆ ಸಂಬಳವೂ ನಿಂತಿಲ್ಲ.

ಮೊದಲ ಭಾನುವಾರವೇ ಮನೆ ಸಿದ್ಧವಾಗಿದ್ದಿದ್ದರೆ ಎರಡು ತಿಂಗಳ ಬಡ್ಡಿ, ಅದಕ್ಕಿಂತ ಹೆಚ್ಚಾಗಿ ಎರಡು ತಿಂಗಳ ನಿದ್ರೆ ಉಳಿಯುತ್ತಿತ್ತೆಂದು ಅವರು ಇಂದಿಗೂ ಹೇಳುತ್ತಾರೆ. ಮನೆ ಮಾರುವ ಯೋಚನೆ ಇಲ್ಲದ ಓದುಗರೂ ಈ ತಿಂಗಳು ಒಂದು ಸಂಜೆ ಬಿಡುವು ಮಾಡಿಕೊಂಡು, ಮೇಲೆ ಹೇಳಿದ ಏಳು ಕಾಗದಗಳಲ್ಲಿ ತಮಗೆ ಅನ್ವಯಿಸುವವುಗಳ ಪೈಕಿ ಮನೆಯಲ್ಲಿ ಎಷ್ಟಿವೆ ಎಂದು ಎಣಿಸಿ ನೋಡಬೇಕೆಂದು ವಿನಂತಿ. ಕಡಿಮೆ ಬಿದ್ದುದನ್ನು ಅವಸರವಿಲ್ಲದ ಕಾಲದಲ್ಲಿ ಪಡೆಯುವುದು ಸುಲಭ.