ಶಾಂತಿ ಸಭೆಗೆ ಮುಂಚೆ ವಾರ್ಡ್ ಸಭೆ

ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಒಂದು ಸುತ್ತು ಬಂದರೆ ಸಾಕು, ಈ ಊರಿಗೆ ಎಷ್ಟು ಬಗೆಯ ಜನ ಬಂದು ಸೇರಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತದೆ. ಒಂದು ಮಗ್ಗುಲಿಗೆ ಮಾನಸಗಂಗೋತ್ರಿ. ಹೊರರಾಜ್ಯ, ಹೊರದೇಶಗಳಿಂದ ಓದಲು ಬಂದವರು ಅಲ್ಲಿದ್ದಾರೆ. 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನಕ್ಕೆ ನಾನಾ ಭಾಷೆಗಳ ವಿದ್ವಾಂಸರು ಬರುತ್ತಾರೆ. ಇನ್ನೊಂದು ಮಗ್ಗುಲಿಗೆ ಗೋಕುಲಂ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಬಂದ ವಿದೇಶಿಯರ ಓಡಾಟ. ನಡುವೆ ಮಹಾಜನ ಕಾಲೇಜಿನ ಹುಡುಗ ಹುಡುಗಿಯರು, ನಿವೃತ್ತರ ಹಳೆಯ ಮನೆಗಳು. ಪಕ್ಕದಲ್ಲೇ ಪಡುವಾರಹಳ್ಳಿ, ನಗರ ಬೆಳೆಯುತ್ತಾ ತನ್ನೊಳಗೆ ಸೇರಿಸಿಕೊಂಡ ಹಳ್ಳಿ.

ಇವರೆಲ್ಲ ದಿನವೂ ಒಂದೇ ರಸ್ತೆಯಲ್ಲಿ ಎದುರಾಗುತ್ತಾರೆ. ಒಟ್ಟಿಗೆ ಕೂತು ಮಾತಾಡುವುದು ಮಾತ್ರ ಎಲ್ಲಿ? ‘ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಮೈಸೂರಿಗರಿಗೆ ಹೊಸದಲ್ಲ. ಅದನ್ನು ಕಿತ್ತುಹಾಕುವ ಅಧಿಕಾರ ಪಾಲಿಕೆಗಿಲ್ಲ. ಆದರೆ ಬೇರೆ ಬೇರೆ ಜನರನ್ನು ಒಂದು ಕಡೆ ಕೂರಿಸುವ ಅಧಿಕಾರವನ್ನು ಕಾನೂನೇ ಕೊಟ್ಟಿದೆ.

ಅದರ ಹೆಸರು ವಾರ್ಡ್ ಕಮಿಟಿ. ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಕರ್ನಾಟಕದ ಪೌರನಿಗಮ ಕಾಯ್ದೆಯ ಪ್ರಕಾರ ಕಾರ್ಪೊರೇಟರ್ ಅದರ ಅಧ್ಯಕ್ಷರು, ಜೊತೆಗೆ ಹತ್ತು ಮಂದಿ ಸದಸ್ಯರು. ಆ ಹತ್ತರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮೂವರು ಮಹಿಳೆಯರು, ಇಬ್ಬರು ನಿವಾಸಿಗಳ ಸಂಘದವರು ಇರಲೇಬೇಕು. ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಅಲ್ಲಿ ನಡೆಯುವುದು ಸೌಹಾರ್ದದ ಭಾಷಣವಲ್ಲ. ಒಳಚರಂಡಿ ಕಟ್ಟಿಕೊಂಡಿದೆ, ಬೀದಿದೀಪ ಉರಿಯುತ್ತಿಲ್ಲ, ಕಸದ ಗಾಡಿ ನಮ್ಮ ಓಣಿಗೆ ಬರುತ್ತಿಲ್ಲ ಎಂಬಂಥ ಮಾತು. ಆದರೆ ಎರಡು ಬೀದಿಗಳ ಜನ ಒಂದೇ ಚರಂಡಿಗಾಗಿ ನಾಲ್ಕು ಸಲ ಸೇರಿದರೆ, ಐದನೆಯ ಸಲ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗಿರುತ್ತದೆ. ಆ ಪರಿಚಯವೇ ಕಷ್ಟಕಾಲಕ್ಕೆ ಕೈ ಹಿಡಿಯುವುದು.

ಕಷ್ಟಕಾಲ ಮೈಸೂರಿಗೂ ಬಂದಿದೆ. 2009ರ ಜುಲೈನಲ್ಲಿ ಕ್ಯಾತಮಾರನಹಳ್ಳಿಯಲ್ಲಿ ಹೊತ್ತಿದ ಕೋಮುಗಲಭೆ ಜೀವಗಳನ್ನು ಬಲಿ ತೆಗೆದುಕೊಂಡಿತು. 2025ರ ಫೆಬ್ರುವರಿಯಲ್ಲಿ ಜಾಲತಾಣದ ಒಂದು ಪೋಸ್ಟಿನಿಂದ ಉದಯಗಿರಿ ಪೊಲೀಸ್ ಠಾಣೆಯ ಮೇಲೆ ಕಲ್ಲು ಬಿತ್ತು. ಗಣೇಶನ ಹಬ್ಬ, ಈದ್ ಹತ್ತಿರ ಬಂದಾಗ ಪೊಲೀಸರು ಶಾಂತಿ ಸಭೆ ಕರೆಯುತ್ತಾರೆ, ಮುಖಂಡರು ಬಂದು ಕೂರುತ್ತಾರೆ. ಬೇಕಾದದ್ದೇ. ಆದರೆ ಹಬ್ಬಕ್ಕೊಮ್ಮೆ ಠಾಣೆಯಲ್ಲಿ ಆಗುವ ಭೇಟಿಯಿಂದ ನೆರೆಹೊರೆ ಬೆಳೆಯುವುದಿಲ್ಲ.

ಇಂಗ್ಲೆಂಡಿನವರು ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. 2001ರಲ್ಲಿ ಓಲ್ಡ್‌ಹ್ಯಾಮ್, ಬರ್ನ್ಲಿ, ಬ್ರಾಡ್‌ಫರ್ಡ್ ಪಟ್ಟಣಗಳಲ್ಲಿ ಗಲಭೆಯಾದ ಮೇಲೆ ಟೆಡ್ ಕ್ಯಾಂಟಲ್ ನೇತೃತ್ವದ ತಂಡ ತನಿಖೆ ಮಾಡಿತು. ಒಂದೇ ಊರಿನಲ್ಲಿದ್ದೂ ಶಾಲೆ, ಕೆಲಸ, ದೇವರು ಎಲ್ಲ ಬೇರೆಯಾಗಿ, ಜನ ಒಬ್ಬರಿಗೊಬ್ಬರು ತಾಗದೆ ಬದುಕುತ್ತಿದ್ದುದು ಆಗ ಬಯಲಾಯಿತು. ಸಮುದಾಯಗಳ ನಡುವೆ ಒಳ್ಳೆಯ ಸಂಬಂಧ ಬೆಳೆಸುವುದರ ಕಡೆಗೆ ಸ್ಥಳೀಯ ಸಂಸ್ಥೆಗಳು ಗಮನ ಕೊಡಲೇಬೇಕು ಎಂದು ಅಲ್ಲಿನ 2010ರ ಸಮಾನತೆ ಕಾಯ್ದೆ ವಿಧಿಸಿದೆ.

ನಮ್ಮಲ್ಲಿ ಹಣದ ದಾರಿಯೂ ಇದೆ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ಶೇ. 24.10ರಷ್ಟು ಅನುದಾನವನ್ನು ಪರಿಶಿಷ್ಟರಿಗೆ, ಶೇ. 7.25ರಷ್ಟನ್ನು ಇತರ ಬಡವರಿಗೆ, ಶೇ. 5ರಷ್ಟನ್ನು ಅಂಗವಿಕಲರಿಗೆ ತೆಗೆದಿಡಬೇಕು. ಅದು ಯಾವ ಬೀದಿಗೆ ಹೋಯಿತು ಎಂದು ವಾರ್ಡ್ ಸಭೆಯಲ್ಲಿ ಎಲ್ಲರೆದುರು ಲೆಕ್ಕ ಹೇಳಿದರೆ, ‘ಅವರಿಗೇ ಎಲ್ಲ ಕೊಡುತ್ತಾರೆ’ ಎಂಬ ಗುಸುಗುಸು ಅರ್ಧ ಅಡಗುತ್ತದೆ.

ಪಾಲಿಕೆಯ ಸಭಾಂಗಣ ಎಂಥ ಬಾಗಿಲು ತೆರೆಯಬಲ್ಲದು ಎಂಬುದಕ್ಕೆ ಸಾಕ್ಷಿ ದೂರವಿಲ್ಲ. 2018ರಲ್ಲಿ 65 ವಾರ್ಡುಗಳಿಗೆ ಚುನಾವಣೆ ನಡೆಯಿತು. 2020ರ ಜನವರಿಯಲ್ಲಿ ತಸ್ನೀಮ್ ಮೈಸೂರಿನ ಮೊದಲ ಮುಸ್ಲಿಂ ಮಹಿಳಾ ಮೇಯರ್ ಆದರು. 2025ರ ದಸರಾ ಉದ್ಘಾಟಿಸಿದ ಬಾನು ಮುಷ್ತಾಕ್ ಅವರೂ ಹಿಂದೆ ಹಾಸನದ ಪುರಪಿತೃಗಳ ಸಾಲಿನಲ್ಲಿ ಕೂತು ಬಂದವರೇ.

ಬೇಸರದ ಸಂಗತಿ ಎಂದರೆ, ಆ ಸಭಾಂಗಣವೇ ಬರಿದಾಯಿತು. 2023ರ ನವೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಎರಡು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಯು ವಿಧಿ ಹೇಳಿದ್ದರೂ ಹೀಗಾಯಿತು. ಅಧಿಕಾರಿ ರಸ್ತೆಗೆ ಡಾಂಬರು ಹಾಕಿಸಬಹುದು. ಆದರೆ ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ಕಮಿಟಿಗೆ ಅಧ್ಯಕ್ಷರೇ ಇಲ್ಲ.

ಜಯಲಕ್ಷ್ಮಿಪುರಂನ ಮತದಾರರು ಇದನ್ನು ಸುಮ್ಮನೆ ಬಿಡಬಾರದು. ಮತ ಕೇಳಲು ಮನೆ ಬಾಗಿಲಿಗೆ ಬರುವ ಪ್ರತಿ ಅಭ್ಯರ್ಥಿಯನ್ನೂ ನಿಲ್ಲಿಸಿ ಕೇಳಿ: ವಾರ್ಡ್ ಕಮಿಟಿಯ ಮೊದಲ ಸಭೆ ಯಾವಾಗ, ಎಲ್ಲಿ, ಅದರ ಹತ್ತು ಕುರ್ಚಿಗಳಲ್ಲಿ ಯಾರ್‍ಯಾರನ್ನು ಕೂರಿಸುತ್ತೀರಿ?