ತೂಕ ಇಳಿದ ಮೇಲಿನ ಕಾಯಕ

ಎಳ್ಳಮಾವಾಸ್ಯೆಯ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತ ಬಳಗವನ್ನು ಕಂಡವರಿಗೆ ಈ ಸೀಮೆಯ ಔದಾರ್ಯವನ್ನು ಬೇರೆ ಬಣ್ಣಿಸಬೇಕಾಗಿಲ್ಲ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳು ಬುತ್ತಿಯಿಂದ ಹೊರಬರುತ್ತವೆ. "ಇಷ್ಟರಾಗ ಏನಾಗ್ತದ್ರೀ, ಇನ್ನೊಂದು ಹಾಕ್ಕೋರಿ" ಎಂಬ ಒತ್ತಾಯವೂ ಒಡನೆಯೇ ಬರುತ್ತದೆ. ಆ ಪಂಕ್ತಿಯಲ್ಲಿ, ಅತಿ ಸ್ಥೂಲತೆಯ ನಿವಾರಣೆಗಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೊಬ್ಬರು ಕುಳಿತಿರುವರೆಂದು ಭಾವಿಸೋಣ. ಅವರ ಪಾಲಿಗೆ ಆ ಪ್ರೀತಿಯ ಮಾತೇ ಒಂದು ಪರೀಕ್ಷೆ.

ಈ ಶಸ್ತ್ರಚಿಕಿತ್ಸೆಯಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ವಿಧಾನಗಳು ಎರಡು. 'ಸ್ಲೀವ್' ಎಂಬುದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ಕಿರಿದಾಗಿಸುವರು. 'ಬೈಪಾಸ್'ನಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲವೊಂದನ್ನು ರಚಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವರು. ಹಸಿವು ತಗ್ಗುತ್ತದೆ, ನಾಲ್ಕು ತುತ್ತಿಗೇ ತೃಪ್ತಿಯಾಗುತ್ತದೆ, ತೂಕ ಭರದಿಂದ ಇಳಿಯುತ್ತದೆ. ಮುಂದೇನು?

ಇದಕ್ಕೆ ಉತ್ತರ ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವೊಂದರಿಂದ ದೊರೆಯುತ್ತದೆ. 2007ರಲ್ಲಿ ಪ್ರಕಟವಾದ ಅದರ ವರದಿಯಂತೆ, ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ನೂರಕ್ಕೆ 32ರಷ್ಟು ಇಳಿದಿತ್ತು. ಹತ್ತು ವರ್ಷಗಳ ತರುವಾಯ ಉಳಿದ ಇಳಿಕೆ ನೂರಕ್ಕೆ 25. ಎಂದರೆ, 100 ಕಿಲೋ ಇದ್ದವರು 68ಕ್ಕೆ ಇಳಿದು 75ರ ಸುಮಾರಿಗೆ ನಿಂತಂತೆ. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಮರಣದ ಪ್ರಮಾಣವೂ ತಗ್ಗಿತ್ತು. ಲಾಭ ನಿಜ, ತುಸು ಮರಳಿ ಬರುವುದೂ ಅಷ್ಟೇ ನಿಜ.

ಹಾಗೆ ಮರಳುವುದಕ್ಕೆ ಕೇವಲ ನಾಲಗೆಯ ಚಪಲವೇ ಕಾರಣವೆನ್ನುವುದು ಅನ್ಯಾಯ. ಕೃಶವಾದ ದೇಹ ಮೊದಲಿಗಿಂತ ಕಡಿಮೆ ಶಕ್ತಿಯನ್ನು ವ್ಯಯಿಸುತ್ತದೆ. ಕಾಲಕ್ರಮದಲ್ಲಿ ಹಸಿವೂ ಎಚ್ಚರಗೊಳ್ಳುತ್ತದೆ. ಇನ್ನೊಂದು ಸೂಕ್ಷ್ಮವುಂಟು. ಕಿರಿದಾದ ಜಠರ ಒಣ ರೊಟ್ಟಿಯನ್ನು ತಡೆದೀತು. ಸಕ್ಕರೆಯ ಚಹಾವನ್ನು ತಡೆಯಲಾರದು. ಚೂಡಾ, ಭಜಿ, ಹೋಳಿಗೆಯ ಚೂರು, ಹೀಗೆ ದಿನವಿಡೀ ಬಾಯಾಡಿಸಿದರೆ ಒಂದೇ ಹೊತ್ತಿನಲ್ಲಿ ಹಿಡಿಸದಷ್ಟು ಆಹಾರ ಹತ್ತು ಹೊತ್ತಿನಲ್ಲಿ ಸುಲಭವಾಗಿ ಸೇರಿಬಿಡುತ್ತದೆ.

ಆದುದರಿಂದ ತಟ್ಟೆಯ ಕ್ರಮವೇ ಬದಲಾಗಬೇಕು. ಹೆಸರು, ಮಡಿಕೆಯಂತಹ ಕಾಳಿನ ಪಲ್ಯ, ಮೊಸರು, ತಿನ್ನುವವರಿಗೆ ಮೊಟ್ಟೆ ಮೊದಲು; ರೊಟ್ಟಿ ಆಮೇಲೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆನ್ನುವರು. 100 ಗ್ರಾಂ ಜೋಳದಲ್ಲಿರುವುದು ಸುಮಾರು 10 ಗ್ರಾಂ ಮಾತ್ರ. ಶೇಂಗಾ ಹಿಂಡಿ ಪುಷ್ಟಿಕರವಾದರೂ ಎಣ್ಣೆಯಂಶ ಹೆಚ್ಚು, ಚಮಚದ ಲೆಕ್ಕವಿರಲಿ. ನೀರನ್ನು ಊಟದೊಡನೆ ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು ಲೇಸು. ನಿತ್ಯದ ನಡಿಗೆಯೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಅಗತ್ಯ.

ಕಬ್ಬಿಣ, ಕ್ಯಾಲ್ಸಿಯಂ, ಬಿ-12, ಡಿ ಜೀವಸತ್ವಗಳ ಪೂರೈಕೆಯೂ, ವರ್ಷಕ್ಕೊಮ್ಮೆ ರಕ್ತಪರೀಕ್ಷೆಯೂ ಜೀವನಪರ್ಯಂತ ನಡೆಯಬೇಕಾದವು. ಶಸ್ತ್ರಚಿಕಿತ್ಸೆ ನಡೆದುದು ದೂರದ ನಗರದಲ್ಲಿ, ಬಾಳಬೇಕಾದುದು ಹಳ್ಳಿಯಲ್ಲಿ ಎಂದಾಗ ಬಹಳವಾಗಿ ತಪ್ಪಿಹೋಗುವುದು ಇದೇ. ಗುಳಿಗೆ ನಿಂತರೆ ರಕ್ತಹೀನತೆ, ಎಲುಬಿನ ದೌರ್ಬಲ್ಯ, ನರಗಳ ತೊಂದರೆ ಸದ್ದಿಲ್ಲದೆ ಬಂದು ಸೇರುತ್ತವೆ. ತೂಕ ಐದಾರು ಕಿಲೋ ಏರಿದೊಡನೆ ನಾಚಿಕೆಯಿಂದ ವೈದ್ಯರ ಕಣ್ಣು ತಪ್ಪಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೇಗ ಹೋದವರಿಗೆ ಆಹಾರದ ಸಲಹೆಯಿಂದ ಔಷಧಿಯವರೆಗೆ ದಾರಿಗಳುಂಟು.

ಬಸವನ ಬಾಗೇವಾಡಿ ಕಾಯಕದ ಹಿರಿಮೆಯನ್ನು ಸಾರಿದ ಬಸವಣ್ಣನವರ ಜನ್ಮಭೂಮಿ. ಕಾಯಕ ಒಂದು ದಿನದ ಸಾಹಸವಲ್ಲ, ದಿನದಿನದ ನಿಷ್ಠೆ. ಶಸ್ತ್ರವೈದ್ಯರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯಿತು. ಉಳಿದುದು ರೋಗಿಯದು, ಅವರ ಮನೆಯವರದು. ಮುಂದಿನ ಎಳ್ಳಮಾವಾಸ್ಯೆಗೆ ಅಂಥವರು ನಮ್ಮ ಪಂಕ್ತಿಯಲ್ಲಿ ಕುಳಿತು "ಸಾಕ್ರೀ" ಎಂದಾಗ, ನೀಡುವ ಕೈ ಅಲ್ಲಿಯೇ ನಿಲ್ಲಲಿ. ಅದೂ ಒಂದು ಉಪಚಾರವೇ.